ಬೆಟ್ಟದ ಮೇಲೆ ‘ಪಾಂಡವರ ಮನೆ’ ಇರುವಾಗ ಶಾಲೆಯಲ್ಲಿ ಮಣ್ಣಿನ ಗುಡಿಸಲು ಯಾಕೆ?

ಪ್ರಶ್ನೆ: ಮಗನ ಶಾಲೆಯಲ್ಲಿ ‘ಪ್ರಾಚೀನರ ಬದುಕು’ ಅಂತ ಮಕ್ಕಳ ಕೈಲಿ ಮಣ್ಣು ತುಳಿಸಿ ಗುಡಿಸಲು ಕಟ್ಟಿಸುತ್ತಿದ್ದಾರೆ. ನಮ್ಮೂರ ಬೆಟ್ಟದಲ್ಲೇ ಪಾಂಡವರಿದ್ದ ಕಲ್ಲಿನ ಮನೆಗಳಿವೆ. ಅವನ್ನೇ ತೋರಿಸಿದರೆ ಸಾಲದೇ?
– ಚಿಂತಾಮಣಿ ಕಡೆಯ ಓದುಗರು

ಉತ್ತರ: ಸಾಲದು. ಗುಡಿಬಂಡೆಯಿಂದ, ಮುಳಬಾಗಿಲಿನಿಂದ, ಪಾವಗಡದಿಂದ ಇದೇ ಪ್ರಶ್ನೆ ಬರುತ್ತಲೇ ಇದೆ. ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಅವು ಮನೆಗಳಲ್ಲ, ಗೋರಿಗಳು. ಸುಮಾರು ಕ್ರಿ.ಪೂ. 1000ದಿಂದ ಈಚೆಗೆ, ಕಬ್ಬಿಣ ಬಳಸುತ್ತಿದ್ದ ಜನ ಸತ್ತವರಿಗಾಗಿ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ ಕಟ್ಟಿದವು. ತುಮಕೂರಿನ ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಇಂಥ ಗೋರಿಗಳಲ್ಲಿ ಸಿಕ್ಕಿದ್ದು ಮನುಷ್ಯರ ಎಲುಬು, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು. ಜನ ಬದುಕಿದ್ದ ಊರಿನ ಕುರುಹು ಸಿಕ್ಕಿದ್ದು ಬೇರೆ ಜಾಗದಲ್ಲಿ.

‘ಬಾಗಿಲಿದೆಯಲ್ಲಾ ಸಾರ್’ ಅನ್ನುತ್ತಾರೆ. ಒಂದು ಚಪ್ಪಡಿಯಲ್ಲಿ ಕೊರೆದ ದುಂಡು ಕಿಂಡಿ ಅದು. ತಲೆಯ ಮೇಲೆ ಹೊರೆ ಹೊತ್ತು ಬಂದವರು ಅದರಲ್ಲಿ ಹೇಗೆ ಒಳಗೆ ಹೋಗಬೇಕು? ‘ಹಾಗಾದರೆ ಅವರು ಕುಳ್ಳರಿದ್ದಿರಬೇಕು’ ಅನ್ನುವುದು ಮುಂದಿನ ಮಾತು. ಅಲ್ಲ, ಗೋರಿಗಳಲ್ಲಿ ಸಿಕ್ಕ ಎಲುಬುಗಳು ನಮ್ಮ ನಿಮ್ಮಂಥವರವೇ. ಮನೆ ಅಂದಮೇಲೆ ಒಲೆ ಇರಬೇಕು, ಬೂದಿ ಇರಬೇಕು, ಒಡೆದ ಗಡಿಗೆ, ತಿಂದು ಎಸೆದ ಮೂಳೆ, ಸವೆದ ಬೀಸುಕಲ್ಲು ಇರಬೇಕು. ಪಾಂಡವರ ಕಥೆಯನ್ನು ಮಕ್ಕಳಿಗೆ ಖಂಡಿತ ಹೇಳಿ, ಚೆಂದದ ಕಥೆ. ಆದರೆ ಪಾಠ ಮಾಡುವಾಗ ಅದನ್ನು ಮನೆ ಅನ್ನಬೇಡಿ. ನಿಧಿ ಇದೆ ಅಂತ ರಾತ್ರೋರಾತ್ರಿ ಚಪ್ಪಡಿ ಉರುಳಿಸುವವರಿಗೂ ಇದನ್ನೇ ಹೇಳಿ: ಅಲ್ಲಿರುವುದು ಯಾರದೋ ಹಿರಿಯರ ಎಲುಬು.

ಹಾಗಾದರೆ ಮನೆಗಳು ಏನಾದವು? ಮಣ್ಣು ಮಣ್ಣಿಗೆ ಸೇರಿತು, ಮರ ಗೆದ್ದಲಿಗೆ ಹೋಯಿತು. ಉಳಿದದ್ದು ಕಂಬ ನೆಟ್ಟ ಗುಳಿಗಳು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದಾಗ ನವಶಿಲಾಯುಗದ, ಅಂದರೆ ಕಬ್ಬಿಣಕ್ಕೂ ಹಿಂದೆ ಕಲ್ಲಿನ ಆಯುಧ ಬಳಸುತ್ತಿದ್ದ ಕಾಲದ, ದುಂಡು ಗುಡಿಸಲುಗಳು ಗೊತ್ತಾದದ್ದು ಇಂಥ ಗುರುತುಗಳಿಂದಲೇ. ಗುಳಿಗಳ ಮೇಲೆ ಗೋಡೆ ಹೇಗೆ ನಿಂತಿತ್ತು ಅನ್ನುವುದು ಕಟ್ಟಿ ನೋಡಿದರೆ ಗೊತ್ತಾಗುತ್ತದೆ. ನಮ್ಮ ಮಕ್ಕಳು ಬಿದಿರಿನ ತಡಿಕೆ ಹೆಣೆದು ಬರೀ ಕೆಮ್ಮಣ್ಣು ಮೆತ್ತಿದರು. ಬಿಸಿಲಿಗೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಆಮೇಲೆ ರಾಗಿಹುಲ್ಲು ಕತ್ತರಿಸಿ, ಸಗಣಿ ಸೇರಿಸಿ, ರಾತ್ರಿಯೆಲ್ಲ ನೆನೆಸಿ ತುಳಿದು ಮತ್ತೆ ಮೆತ್ತಿದರು, ಗೋಡೆ ನಿಂತಿತು. ಹುಲ್ಲು ಯಾಕೆ ಬೇಕು ಅಂತ ಆ ಮಕ್ಕಳನ್ನು ಯಾರೂ ಇನ್ನು ಕೇಳಬೇಕಾಗಿಲ್ಲ. ನನಗೆ ಅವರ ಬಗ್ಗೆ ಹೆಮ್ಮೆಯಿದೆ.

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ 1972ರಲ್ಲಿ ಪೀಟರ್ ರೆನಾಲ್ಡ್ಸ್ ಶುರುಮಾಡಿದ ಬಟ್ಸರ್ ಪ್ರಾಚೀನ ಫಾರ್ಮ್ ಇದೇ ಕೆಲಸವನ್ನು ದೊಡ್ಡದಾಗಿ ಮಾಡಿತು. ಹುಲ್ಲಿನ ಚಾವಣಿಯಲ್ಲಿ ಹೊಗೆ ಹೋಗಲು ಕಿಂಡಿ ಇತ್ತು ಅಂತಲೇ ಹಿಂದೆ ಚಿತ್ರ ಬರೆಯುತ್ತಿದ್ದರು. ಮನೆ ಕಟ್ಟಿ ಬೆಂಕಿ ಹಾಕಿದಾಗ ತಿಳಿದದ್ದು ಬೇರೆ: ಕಿಂಡಿಯಿದ್ದರೆ ಗಾಳಿ ಸೆಳೆದು ಕಿಡಿ ಚಾವಣಿಗೇ ಹಾರುತ್ತದೆ. ಕಿಂಡಿಯಿಲ್ಲದಿದ್ದರೆ ಹೊಗೆ ಮೇಲೇರಿ ಹುಲ್ಲಿನ ಸಂದಿಯಿಂದ ನಿಧಾನವಾಗಿ ಹೊರಬೀಳುತ್ತದೆ.

ಇನ್ನೊಂದು ಸಂಗತಿ, ನೀವು ಕೇಳಿಲ್ಲ, ಆದರೂ ಹೇಳಬೇಕು. ಬಟ್ಸರ್‌ನಲ್ಲಿ ನೆಲದಲ್ಲಿ ಗುಂಡಿ ತೋಡಿ ಧಾನ್ಯ ತುಂಬಿ, ಬಾಯಿಗೆ ಮಣ್ಣು ಮೆತ್ತಿಟ್ಟರು. ಅಂಚಿನ ಕಾಳು ಮೊಳೆತು ಒಳಗಿನ ಆಮ್ಲಜನಕವನ್ನೆಲ್ಲ ಎಳೆದುಕೊಂಡಿತು, ಇಂಗಾಲದ ಡೈಆಕ್ಸೈಡ್ ತುಂಬಿತು, ಉಳಿದ ಕಾಳು ಕೆಡದೆ ಉಳಿಯಿತು. ಇದು ನಮ್ಮ ಹಗೇವೇ ಅಲ್ಲವೇ! ರಾಗಿಯನ್ನು ವರ್ಷಗಟ್ಟಲೆ ಹುಳ ಬೀಳದಂತೆ ಇಟ್ಟ ಹಗೇವು ಕೆಲಸ ಮಾಡುತ್ತಿದ್ದದ್ದೂ ಹೀಗೆಯೇ. ಬಾಯಿ ತೆಗೆದ ಕೂಡಲೇ ಒಳಗಿಳಿಯಬೇಡಿ ಅಂತ ಹಿರಿಯರು ತಡೆಯುತ್ತಿದ್ದದ್ದೂ ಆ ಕೆಟ್ಟ ಗಾಳಿಗಾಗಿಯೇ. ಇಳಿದು ಉಸಿರುಕಟ್ಟಿ ಸತ್ತವರಿದ್ದಾರೆ.

ಹಾಗಾಗಿ ಗುಡಿಸಲು ಮುಗಿದ ಮೇಲೆ ಮೇಷ್ಟ್ರಿಗೆ ಹೇಳಿ, ಅದರ ಪಕ್ಕ ಮೊಣಕಾಲುದ್ದದ ಗುಂಡಿ ತೋಡಿಸಿ ನಾಲ್ಕು ಸೇರು ರಾಗಿ ಹಾಕಿ ಮುಚ್ಚಿಸಲಿ. ಬೇಸಿಗೆ ರಜೆ ಮುಗಿಸಿ ಬಂದ ಮೇಲೆ ಮಕ್ಕಳೇ ತೆಗೆದು ನೋಡಲಿ. ಊರಿನ ಹಳೇ ಹಗೇವಿನೊಳಗೆ ಮಾತ್ರ ಯಾರನ್ನೂ ಇಳಿಸಬೇಡಿ.