ಡೇಟಾಶೀಟ್‌ನಲ್ಲಿರುವ ವಿಳಾಸಕ್ಕೆ ಬರೆದರೆ ಕರ್ನಲ್ ಏಕೆ ಕುಸಿಯುತ್ತದೆ?

ಪ್ರಶ್ನೆ: ರಾಸ್ಪ್‌ಬೆರಿ ಪೈ 3ಕ್ಕೆ ಲಿನಕ್ಸ್ ಡ್ರೈವರ್ ಬರೆಯುವುದನ್ನು ಕಲಿಯುತ್ತಿದ್ದೇನೆ. ಚಿಪ್‌ನ ಡೇಟಾಶೀಟ್‌ನಲ್ಲಿ ಜಿಪಿಐಒ (ಹೊರಗಿನ ಪಿನ್‌ಗಳನ್ನು ನಿಯಂತ್ರಿಸುವ ಭಾಗ) ವಿಳಾಸ ಹೆಕ್ಸಾಡೆಸಿಮಲ್‌ನಲ್ಲಿ 7ಇ200000 ಎಂದಿದೆ. ಅದನ್ನೇ ಪಾಯಿಂಟರ್ ಆಗಿಸಿ ಬರೆದರೆ ಕರ್ನಲ್ (ಲಿನಕ್ಸ್‌ನ ತಿರುಳು) ‘ಊಪ್ಸ್’ ಎಂಬ ದೋಷ ಸಂದೇಶ ಕೊಟ್ಟು ಕುಸಿಯುತ್ತದೆ. ಡೇಟಾಶೀಟ್ ತಪ್ಪೇ?

ಉತ್ತರ: ಡೇಟಾಶೀಟ್ ಸರಿಯಾಗಿಯೇ ಇದೆ. ಒಂದೇ ಮನೆಗೆ ಸರ್ವೆ ನಂಬರ್ ಬೇರೆ, ಖಾತಾ ನಂಬರ್ ಬೇರೆ, ಅಂಚೆಯ ವಿಳಾಸ ಬೇರೆ ಇರುವಂತೆ ಈ ಜಿಪಿಐಒಗೂ ಮೂರು ವಿಳಾಸಗಳಿವೆ. 7ಇ200000 ಚಿಪ್‌ನೊಳಗಿನ ಬಸ್‌ನ, ಅಂದರೆ ಭಾಗಗಳನ್ನು ಜೋಡಿಸುವ ದಾರಿಯ, ವಿಳಾಸ. ಅದೇ ಜಾಗ ಪ್ರೊಸೆಸರ್‌ಗೆ ಕಾಣುವುದು 3ಎಫ್200000ರಲ್ಲಿ. ಇದು ಭೌತಿಕ ವಿಳಾಸ. ಮೊದಲ ಪೈನಲ್ಲಿ ಅದು 20200000 ಆಗಿತ್ತು, ಪೈ 4ರಲ್ಲಿ ಎಫ್‌ಇ200000. ಇದನ್ನು ಬಳಸಿದರೂ ನಿಮ್ಮ ಕೋಡ್ ಓಡುವುದಿಲ್ಲ. ಕರ್ನಲ್ ನಡೆಯುವಾಗ ಎಂಎಂಯು (ವಿಳಾಸಗಳನ್ನು ಅನುವಾದಿಸುವ ಪ್ರೊಸೆಸರ್‌ನ ಭಾಗ) ಪ್ರತಿ ವಿಳಾಸವನ್ನೂ ವರ್ಚುವಲ್ ವಿಳಾಸವೆಂದೇ, ಅಂದರೆ ಭೌತಿಕ ವಿಳಾಸಕ್ಕೆ ಅನುವಾದಿಸಬೇಕಾದ ಮೂರನೆಯ ಬಗೆಯ ವಿಳಾಸವೆಂದೇ, ಓದುತ್ತದೆ. ಈ ಅನುವಾದದ ಪಟ್ಟಿಯಾದ ಪೇಜ್ ಟೇಬಲ್‌ನಲ್ಲಿ ಅದರ ನಮೂದು ಇಲ್ಲವೆಂದರೆ ಊಪ್ಸ್ ಖಚಿತ.

ಆ ನಮೂದನ್ನು ಮಾಡಿಕೊಡುವುದೇ ಕರ್ನಲ್‌ನ ‘ಐಒರೀಮ್ಯಾಪ್’ ಫಂಕ್ಷನ್. ಭೌತಿಕ ವಿಳಾಸ ಕೊಟ್ಟರೆ ವರ್ಚುವಲ್ ವಿಳಾಸ ಸಿಗುತ್ತದೆ. ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸವನ್ನೂ ಅದು ಮಾಡುತ್ತದೆ: ಆ ಭಾಗವನ್ನು ಕ್ಯಾಶ್‌ನಿಂದ (ಪ್ರೊಸೆಸರ್‌ನ ವೇಗದ ತಾತ್ಕಾಲಿಕ ಸಂಗ್ರಹ) ಹೊರಗಿಡುತ್ತದೆ. ಇಲ್ಲದಿದ್ದರೆ ನೀವು ಬರೆದದ್ದು ಕ್ಯಾಶ್‌ನಲ್ಲೇ ಕುಳಿತು, ಪಿನ್‌ಗೆ ತಲುಪದೆ ಹೋಗಬಹುದು.

ವಿಳಾಸ ಸಿಕ್ಕ ಮೇಲೂ ನೇರವಾಗಿ ಪಾಯಿಂಟರ್ ಮೂಲಕ ಬರೆಯಬೇಡಿ. ಕರ್ನಲ್‌ನಲ್ಲಿ ಓದಲು ಮತ್ತು ಬರೆಯಲು ಇರುವ ‘ರೀಡ್‌ಎಲ್’, ‘ರೈಟ್‌ಎಲ್’ ಬಳಸಿ. ಪಾಯಿಂಟರ್‌ಗೆ ಸಿ ಭಾಷೆಯ ‘ವೊಲಟೈಲ್’ ಪದ ಸೇರಿಸಿದರೆ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಸಾಲದು. ವೊಲಟೈಲ್ ಕಂಪೈಲರನ್ನು ಮಾತ್ರ ಕಟ್ಟಿಹಾಕುತ್ತದೆ, ಪ್ರೊಸೆಸರನ್ನಲ್ಲ. ಡಿಎಂಎ ಬಳಸುವ, ಅಂದರೆ ರ‍್ಯಾಮ್ ಅನ್ನು ತಾನೇ ನೇರವಾಗಿ ಓದುವ, ನೆಟ್‌ವರ್ಕ್ ಕಾರ್ಡನ್ನು ತೆಗೆದುಕೊಳ್ಳಿ: ಕಳಿಸಬೇಕಾದ ಪ್ಯಾಕೆಟ್‌ನ ವಿವರವನ್ನು ಮೊದಲು ರ‍್ಯಾಮ್‌ನಲ್ಲಿ ಬರೆದು, ಆಮೇಲೆ ‘ಹೊರಡು’ ಎಂದು ಕಾರ್ಡ್‌ನ ರಿಜಿಸ್ಟರ್‌ಗೆ (ಸಾಧನವನ್ನು ನಿಯಂತ್ರಿಸುವ ಜಾಗ) ಬರೆಯಬೇಕು. ಎಆರ್‌ಎಂ ಪ್ರೊಸೆಸರ್‌ನಲ್ಲಿ ಈ ಎರಡು ಬರಹಗಳ ಸರದಿ ತಲೆಕೆಳಗಾಗಬಹುದು. ಆಗ ಕಾರ್ಡ್ ಹಳೆಯ ವಿವರವನ್ನೇ ಓದಿಬಿಡುತ್ತದೆ. ದಿನಗಟ್ಟಲೆ ಸರಿಯಾಗಿ ನಡೆದು ಒಮ್ಮೆ ಮಾತ್ರ ಕೆಡುವ ಇಂಥ ದೋಷವನ್ನು ಹುಡುಕುವುದು ನರಕಯಾತನೆ. ಈ ಸರದಿಯನ್ನು ಕಾಯುವ ತಡೆಯನ್ನು ರೈಟ್‌ಎಲ್ ತನ್ನೊಳಗೇ ಹೊಂದಿದೆ. ಪಿಸಿಐ ಸಾಧನಗಳಲ್ಲಿ (ಪಿಸಿಐ ಬಸ್‌ಗೆ ಜೋಡಿಸುವ ಕಾರ್ಡ್‌ಗಳು) ಇನ್ನೂ ಒಂದು ಮಾತು: ಬರೆದದ್ದು ನಡುದಾರಿಯ ಬ್ರಿಡ್ಜ್‌ನಲ್ಲಿ (ಬಸ್‌ಗಳನ್ನು ಬೆಸೆಯುವ ಚಿಪ್) ಸ್ವಲ್ಪ ಹೊತ್ತು ನಿಂತಿರಬಹುದು. ತಲುಪಿದ್ದು ಖಾತ್ರಿಯಾಗಬೇಕಿದ್ದರೆ ಅದೇ ಸಾಧನದಿಂದ ಒಂದು ರಿಜಿಸ್ಟರನ್ನು ಓದಿ.

ನಿಮ್ಮ ಪೈನಲ್ಲಿ ಜಿಪಿಐಒ 17ಕ್ಕೆ ಜೋಡಿಸಿದ ಎಲ್‌ಇಡಿ ಬೆಳಗಲು ಮೊದಲು ಆ ಪಿನ್ ಅನ್ನು ಔಟ್‌ಪುಟ್ ಮಾಡಿ, ನಂತರ ಆಫ್‌ಸೆಟ್ (ಜಿಪಿಐಒ ಆರಂಭದ ವಿಳಾಸದಿಂದ ದೂರ) ಹೆಕ್ಸಾಡೆಸಿಮಲ್ 1ಸಿಯಲ್ಲಿರುವ ರಿಜಿಸ್ಟರ್‌ನ 17ನೇ ಬಿಟ್‌ಗೆ 1 ಬರೆಯಿರಿ. ನಂದಿಸಲು ಅದೇ ಬಿಟ್ ಅನ್ನು ಹೆಕ್ಸಾಡೆಸಿಮಲ್ ಆಫ್‌ಸೆಟ್ 28ರಲ್ಲಿ ಬರೆಯಿರಿ. ಇಲ್ಲಿ 0 ಬರೆದ ಬಿಟ್‌ಗಳಿಗೆ ಏನೂ ಆಗುವುದಿಲ್ಲ. ಹಾಗಾಗಿ ಹಳೆಯ ಬೆಲೆಯನ್ನು ಓದಿ, ತಿದ್ದಿ, ಮರಳಿ ಬರೆಯುವ ತೊಂದರೆಯಿಲ್ಲ. ಚಂದದ ವಿನ್ಯಾಸ.

ಭೌತಿಕ ವಿಳಾಸವನ್ನು ಮಾತ್ರ ಕೋಡ್‌ನಲ್ಲಿ ಕೆತ್ತಿಡಬೇಡಿ. ಬಸ್ ವಿಳಾಸವನ್ನು ಭೌತಿಕ ವಿಳಾಸಕ್ಕೆ ಹೊಂದಿಸುವ ಲೆಕ್ಕ ಡಿವೈಸ್ ಟ್ರೀಯಲ್ಲಿಯೇ (ಕರ್ನಲ್‌ಗೆ ಕೊಡುವ ಹಾರ್ಡ್‌ವೇರ್‌ನ ವಿವರಪಟ್ಟಿ) ಇದೆ. ಅಲ್ಲಿಂದ ಪಡೆದರೆ ಅದೇ ಡ್ರೈವರ್ ಪೈ 4ರವರೆಗಿನ ಬೇರೆ ಪೈಗಳಲ್ಲೂ ಸರಿಯಾದ ಜಾಗ ಹುಡುಕಿಕೊಳ್ಳುತ್ತದೆ. ಇನ್ನು, ಈ ಪಿನ್‌ಗಳಿಗೆ ಕರ್ನಲ್‌ನಲ್ಲಿ ಈಗಾಗಲೇ ಒಬ್ಬ ಒಡೆಯನಿದ್ದಾನೆ, ಅದರದೇ ಜಿಪಿಐಒ ಡ್ರೈವರ್. ಕಲಿಯಲು ರಿಜಿಸ್ಟರ್‌ಗಳನ್ನು ಮುಟ್ಟಿ ನೋಡಿ. ಬೇರೆಯವರಿಗೆ ಕೊಡುವ ಉತ್ಪನ್ನದಲ್ಲಿ ಆ ಡ್ರೈವರ್ ಮೂಲಕವೇ ಪಿನ್ ಕೇಳಿ.