ಮೊದಲ ಕೀಮೋಗೆ ತಯಾರಿ: ಮಂಗಳವಾರಕ್ಕಿಂತ ಮುಂದಿನ ವಾರ ಮುಖ್ಯ

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇದ್ದೇವೆ. ಅಮ್ಮನಿಗೆ 58 ವರ್ಷ, ಸ್ತನ ಕ್ಯಾನ್ಸರ್. ಕುಂದಾಪುರದಿಂದ ನಮ್ಮ ಮನೆಗೆ ಬಂದಿದ್ದಾರೆ. ಮುಂದಿನ ಮಂಗಳವಾರ ಪರೇಲ್‌ನ ಆಸ್ಪತ್ರೆಯಲ್ಲಿ ಮೊದಲ ಕೀಮೋ. ಒಬ್ಬೊಬ್ಬರು ಒಂದೊಂದು ಹೇಳಿ ಹೆದರಿಸುತ್ತಿದ್ದಾರೆ. ಆ ದಿನಕ್ಕೆ ಏನೆಲ್ಲ ತಯಾರಿ ಮಾಡಿಕೊಳ್ಳಬೇಕು? ವಾಂತಿ, ಸುಸ್ತು ಬಂದರೆ ಹೇಗೆ ನೋಡಿಕೊಳ್ಳುವುದು?

ಉತ್ತರ: 'ಆ ದಿನಕ್ಕೆ' ಅಂತ ಕೇಳಿದ್ದೀರಿ. ನಮ್ಮ ಅತ್ತಿಗೆಗೆ ಕೀಮೋ ಶುರುವಾದಾಗ ನಾನೂ ಹಾಗೇ ಕೇಳಿದ್ದೆ. ನಾನು ಡಾಕ್ಟರ್ ಅಲ್ಲ. ಠಾಣೆಯಿಂದ ಪರೇಲ್‌ಗೆ ಆರು ಸೈಕಲ್, ಅಂದರೆ ಆರು ಸುತ್ತಿನ ಕೀಮೋಗೂ, ಅವರ ಜೊತೆ ಓಡಾಡಿದವಳು. ಆಮೇಲೆ ಊರಿನಿಂದ ಬಂದ ಕೆಲವರಿಗೆ ಹಿಂದಿ, ಮರಾಠಿ ಮಾತಾಡಿಸಿ ಕೊಡಲು ಜೊತೆಗೆ ಹೋಗಿದ್ದೇನೆ. ಔಷಧಿ ಏರಿಸುವ ದಿನ ಸುತ್ತ ನರ್ಸ್, ಡಾಕ್ಟರ್ ಎಲ್ಲ ಇರುತ್ತಾರೆ. ನಿಜವಾದ ಪರೀಕ್ಷೆ ಮನೆಯಲ್ಲಿ, ಏಳನೇ ದಿನದಿಂದ ಸುಮಾರು ಹದಿನಾಲ್ಕನೇ ದಿನದವರೆಗೆ. ಹಾಗಾಗಿ ಮಂಗಳವಾರದ ವಿಷಯ ಬೇಗ ಮುಗಿಸಿ ಅಲ್ಲಿಗೆ ಬರುತ್ತೇನೆ.

ಮೊದಲು ಹೆದರಿಸುವವರ ಮಾತಿಗೆ ಒಂದು ಉತ್ತರ. ಕೀಮೋ ಔಷಧಿ ಬೇಗ ಬೇಗ ಹುಟ್ಟಿ ಬೆಳೆಯುವ ಜೀವಕೋಶಗಳಿಗೆ ಹೊಡೆಯುತ್ತದೆ. ಕ್ಯಾನ್ಸರ್ ಹಾಗೆ ಬೆಳೆಯುತ್ತದೆ. ಕೂದಲ ಬುಡ, ಬಾಯಿಯ ಒಳಚರ್ಮ, ಕರುಳಿನ ಒಳಪದರ, ರಕ್ತ ತಯಾರಾಗುವ ಮೂಳೆಯ ಮಜ್ಜೆ ಕೂಡ ಹಾಗೇ ಬೆಳೆಯುತ್ತವೆ. ಅದಕ್ಕೇ ತೊಂದರೆ ಕಾಣುವುದೂ ಅಲ್ಲೆಲ್ಲ. ಆದರೆ ಈ ಜಾಗಗಳು ಮತ್ತೆ ಚೇತರಿಸಿಕೊಳ್ಳುತ್ತವೆ. ಎಷ್ಟೋ ಕೀಮೋಗಳಲ್ಲಿ ಎರಡು ಸೈಕಲ್ ನಡುವೆ 21 ದಿನ ಬಿಡುವುದು ಅದಕ್ಕೆ. ಔಷಧಿಯಿಂದ ಔಷಧಿಗೆ ತೊಂದರೆ ಬೇರೆ, ಮನುಷ್ಯರಿಂದ ಮನುಷ್ಯರಿಗೂ ಬೇರೆ. ಪಕ್ಕದ ಮನೆಯವರ ಅನುಭವ ನಿಮ್ಮ ಅಮ್ಮನದು ಆಗಲೇಬೇಕೆಂದಿಲ್ಲ.

ಈಗ ಮಂಗಳವಾರ. ಒಂದೆರಡು ದಿನ ಮುಂಚೆ ರಕ್ತ ಪರೀಕ್ಷೆ ಇರುತ್ತದೆ. ಕೆಲವು ಔಷಧಿಗಳಿಗೆ ಹೃದಯದ ಸ್ಕ್ಯಾನ್ (ಎಕೋ) ಕೂಡ ಮಾಡಿಸುತ್ತಾರೆ. ಹುಳುಕು ಹಲ್ಲಿದ್ದರೆ ಈಗಲೇ ಡಾಕ್ಟರ್‌ಗೆ ಹೇಳಿ. ಕೀಮೋ ಶುರುವಾದ ಮೇಲೆ ಹಲ್ಲು ಕೀಳಿಸುವುದು ಸುಲಭವಲ್ಲ. ಅಮ್ಮ ಬಿಪಿ, ಶುಗರ್, ಥೈರಾಯ್ಡ್ ಅಂತ ಏನೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಆ ಮಾತ್ರೆಗಳನ್ನೇ ಒಂದು ಡಬ್ಬಿಯಲ್ಲಿ ಹಾಕಿ ತೋರಿಸಿ. ಶುಗರ್ ಇದ್ದರೆ ಇದು ಇನ್ನೂ ಮುಖ್ಯ, ಯಾಕೆಂದರೆ ಕೀಮೋಗೆ ಮುಂಚೆ ಕೊಡುವ ಸ್ಟೀರಾಯ್ಡ್‌ನಿಂದ ಶುಗರ್ ಏರುತ್ತದೆ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ. ಡಾಕ್ಟರ್ ಬೇಡ ಅಂದಿಲ್ಲದಿದ್ದರೆ ಎರಡು ಇಡ್ಲಿ ತಿನ್ನಿಸಿ. ಮುಂದೆ ಗುಂಡಿ ಇರುವ ಸಡಿಲ ರವಿಕೆ ಅಥವಾ ನೈಟಿ, ಒಂದು ಶಾಲು, ನೀರು, ಫೈಲ್. ಕೀಮೋ ಕೊಡುವ ಡೇ ಕೇರ್ ವಾರ್ಡಿನಲ್ಲಿ ಎಸಿ ಜೋರಾಗಿರುತ್ತದೆ. ಮೊದಲು ವಾಂತಿ ತಡೆಯುವ ಔಷಧಿ, ಆಮೇಲೆ ಕೀಮೋ, ಕೊನೆಗೆ ಸಲೈನ್. ಕೆಲವರಿಗೆ ಒಂದು ಗಂಟೆ ಸಾಕು, ಕೆಲವರಿಗೆ ಇಡೀ ದಿನ. ಕೈಯಲ್ಲಿ ಸೂಜಿ ಇರುವ ಕಡೆ ಉರಿ, ಊತ ಬಂದರೆ, ಅಥವಾ ಮೈ ತುರಿಕೆ, ಉಸಿರು ಕಟ್ಟಿದ ಹಾಗೆ ಆದರೆ ಅದೇ ಕ್ಷಣ ಕೂಗಿ ಹೇಳಬೇಕು. ನಮ್ಮ ತಾಯಂದಿರು ನರ್ಸ್‌ಗೆ ತೊಂದರೆ ಕೊಡಬಾರದು ಅಂತ ಸುಮ್ನೆ ಸಹಿಸಿಕೊಂಡು ಕೂತಿರುತ್ತಾರೆ. ಇಲ್ಲಿ ಹಾಗೆ ಮಾಡಬಾರದು ಅಂತ ಹಿಂದಿನ ರಾತ್ರಿಯೇ ಹೇಳಿಡಿ.

ಸ್ತನ ಕ್ಯಾನ್ಸರ್‌ಗೆ ಬಹಳ ಸಲ ಡಾಕ್ಸೊರುಬಿಸಿನ್ ಕೊಡುತ್ತಾರೆ. ವಾರ್ಡಿನಲ್ಲಿ ಎಲ್ಲರೂ ಅದನ್ನು ಕೆಂಪು ಔಷಧಿ ಅನ್ನುತ್ತಾರೆ. ನೋಡಲು ಥೇಟ್ ಕೋಕಂ ಶರಬತ್ತು. ಆ ರಾತ್ರಿ ಅತ್ತಿಗೆ ಬಚ್ಚಲಿಂದ ಬಿಳಿಚಿದ ಮುಖದಲ್ಲಿ ಹೊರಗೆ ಬಂದರು, "ಮೂತ್ರದಲ್ಲಿ ರಕ್ತ ಹೋಗ್ತಿದೆ" ಅಂದರು. ಅದು ರಕ್ತವಲ್ಲ, ಔಷಧಿಯ ಬಣ್ಣ. ಒಂದೆರಡು ದಿನದಲ್ಲಿ ಹೋಗುತ್ತದೆ. ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಆದರೆ ಎರಡು ದಿನ ಕಳೆದರೂ ಕೆಂಪು ಹೋಗದಿದ್ದರೆ, ಉರಿ ಇದ್ದರೆ ಡಾಕ್ಟರ್‌ಗೆ ಹೇಳಿ. ಮೊದಲ ಎರಡು ದಿನ ನೀರು ಜಾಸ್ತಿ ಕುಡಿಸಿ. ಆ 48 ಗಂಟೆ ಟಾಯ್ಲೆಟ್‌ನ ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡಿ. ವಾಂತಿ ಬಳಿಯುವವರು ಗ್ಲೌಸ್ ಹಾಕಿಕೊಳ್ಳಿ. ಮೊಮ್ಮಕ್ಕಳು ಅಜ್ಜಿಯನ್ನು ತಬ್ಬಿಕೊಳ್ಳಬಹುದು, ಅದಕ್ಕೇನೂ ಭಯವಿಲ್ಲ.

ವಾಂತಿಯ ಬಗ್ಗೆ. ಮೊದಲ ದಿನ ಏನೂ ಆಗಲಿಲ್ಲ ಅಂತ ಮಾತ್ರೆ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಓಕರಿಕೆ ಎರಡನೇ ದಿನದಿಂದ ಐದನೇ ದಿನದವರೆಗೂ ಬರಬಹುದು. ವಾಂತಿಯಾದ ಮೇಲೆ ನಿಲ್ಲಿಸುವುದು ಕಷ್ಟ, ಬರುವ ಮುಂಚೆ ತಡೆಯುವುದು ಸುಲಭ. ಬರೆದುಕೊಟ್ಟ ಅಷ್ಟೂ ದಿನ, ಹೇಳಿದ ಹೊತ್ತಿಗೆ ಕೊಡಿ. ಆ ಮಾತ್ರೆಗಳಲ್ಲಿ ಓಲಾಂಜಪಿನ್ ಅನ್ನುವ ಹೆಸರು ಕಂಡರೆ ಗಾಬರಿಯಾಗಬೇಡಿ. ಮೊಬೈಲಿನಲ್ಲಿ ಹುಡುಕಿದರೆ ಮಾನಸಿಕ ಕಾಯಿಲೆಯ ಔಷಧಿ ಅಂತ ಬರುತ್ತದೆ. ಅದನ್ನು ನೋಡಿ ಮಾತ್ರೆ ಬಿಸಾಕಿದ ಮನೆಯವರನ್ನು ನಾನು ಕಂಡಿದ್ದೇನೆ. ಅದು ಓಕರಿಕೆಗೂ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ, ನಿದ್ದೆ ಮಾತ್ರ ಬರಿಸುತ್ತದೆ. ನಮ್ಮ ಪರೇಲ್‌ನ ಟಾಟಾ ಮೆಮೋರಿಯಲ್‌ನಲ್ಲೇ 10 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಕೊಟ್ಟು ನೋಡಿದರು. ವಾಂತಿ ತಡೆಯುವುದರಲ್ಲಿ ಸಣ್ಣ ಡೋಸ್ ಹಿಂದೆ ಬೀಳಲಿಲ್ಲ, ಹಗಲು ತೂಕಡಿಕೆ ಕಡಿಮೆಯಾಯಿತು. 2024ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. 1941ರಿಂದ ಊರೂರಿನ ಬಡವರು ನಂಬಿಕೊಂಡು ಬರುವ ಆಸ್ಪತ್ರೆಯಿಂದ ಇಂಥ ಕೆಲಸ ಆದದ್ದು ನನಗೆ ತುಂಬಾ ಹೆಮ್ಮೆ. ಅಮ್ಮನಿಗೆ ತೂಕಡಿಕೆ ವಿಪರೀತ ಅನಿಸಿದರೆ ಡೋಸ್ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ, ನೀವಾಗಿ ಕಡಿಮೆ ಮಾಡಬೇಡಿ. ಇನ್ನೊಂದು ಮಾತ್ರೆ ಒಂಡಾನ್ಸೆಟ್ರಾನ್. ಇದರಿಂದ ಮಲಬದ್ಧತೆ ಆಗುತ್ತದೆ. ಅದಕ್ಕೂ ಮೊದಲೇ ಔಷಧಿ ಕೇಳಿ ಇಟ್ಟುಕೊಳ್ಳಿ.

ವಾಸನೆ ಕೂಡ ಓಕರಿಕೆ ತರಿಸುತ್ತದೆ. ಒಂದು ವಾರ ಮನೆಯಲ್ಲಿ ಬೂತಾಯಿ ಹುರಿಯಬೇಡಿ, ಜೋರು ಒಗ್ಗರಣೆಯೂ ಬೇಡ. ಬಿಸಿ ಊಟಕ್ಕಿಂತ ಉಗುರುಬೆಚ್ಚಗಿನದು ಒಗ್ಗುತ್ತದೆ. ಕುಚ್ಚಲಕ್ಕಿ ಗಂಜಿ, ಬೇಯಿಸಿದ ಮೊಟ್ಟೆ, ತೊವ್ವೆ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಅಮ್ಮನಿಗೆ ಪ್ರೀತಿಯ ತಿಂಡಿಯನ್ನು ಓಕರಿಕೆಯ ದಿನಗಳಲ್ಲಿ ಮಾಡಬೇಡಿ. ಆಮೇಲೆ ಅದರ ಮೇಲೇ ಜಿಗುಪ್ಸೆ ಹುಟ್ಟಿಬಿಡುತ್ತದೆ. ಅತ್ತಿಗೆ ಇವತ್ತಿಗೂ ಪತ್ರೊಡೆ ಮುಟ್ಟುವುದಿಲ್ಲ.

ಇನ್ನು ಆ ಎರಡನೇ ವಾರ. ದೇಹದೊಳಗೆ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳ ಆಯಸ್ಸು ತುಂಬಾ ಕಡಿಮೆ. ಮಜ್ಜೆ ದಿನವೂ ಹೊಸದು ತಯಾರಿಸುತ್ತಿರಬೇಕು. ಕೀಮೋ ಆ ಕಾರ್ಖಾನೆಯನ್ನು ಸ್ವಲ್ಪ ದಿನ ನಿಲ್ಲಿಸುತ್ತದೆ. ಹಳೆಯವು ಮುಗಿದವು, ಹೊಸವು ಬಂದಿಲ್ಲ, ಹೀಗೆ ಏಳರಿಂದ ಹದಿನಾಲ್ಕು ದಿನದೊಳಗೆ ಈ ಕಣಗಳ ಸಂಖ್ಯೆ, ಅಂದರೆ ಕೌಂಟ್, ತಳ ಮುಟ್ಟುತ್ತದೆ. ಆ ಹೊತ್ತಿಗೆ ವಾಂತಿ ನಿಂತಿರುತ್ತದೆ, ಮುಖದಲ್ಲಿ ಕಳೆ ಬಂದಿರುತ್ತದೆ. ಎಲ್ಲ ಮುಗಿಯಿತು ಅಂತ ಮನೆಯವರು ಉಸಿರು ಬಿಡುತ್ತಾರೆ. ಆಗಲೇ ಜ್ವರ ಬರುವುದು.

ನಮ್ಮಲ್ಲಿ ಅದು ಹತ್ತನೇ ದಿನ, ರಾತ್ರಿ ಎರಡು ಗಂಟೆ. ಅತ್ತಿಗೆ ಹೊದಿಕೆ ಎಳೆದುಕೊಂಡು ನಡುಗುತ್ತಿದ್ದರು. ಥರ್ಮಾಮೀಟರ್ 101 ತೋರಿಸಿತು. ನಾನು ಡಬ್ಬಿಯಿಂದ ಪ್ಯಾರಾಸಿಟಮಾಲ್ ತೆಗೆದು ಕೊಟ್ಟೆ. ಒಂದು ಗಂಟೆಯಲ್ಲಿ ಬೆವರು ಬಂದು ಜ್ವರ ಇಳಿಯಿತು. ಬೆಳಗಾದ ಮೇಲೆ ನೋಡೋಣ ಅಂತ ಮಲಗಿಕೊಂಡೆವು. ಎಂಟು ಗಂಟೆಗೆ ಎದ್ದು ನಿಲ್ಲಲು ಹೋದವರು ಹಾಗೇ ಕುಸಿದರು. ಬಿಪಿ ಇಳಿದುಹೋಗಿತ್ತು. ಐದು ದಿನ ಆಸ್ಪತ್ರೆಯಲ್ಲಿದ್ದು ಹುಷಾರಾದರು. ಆ ಆರು ಗಂಟೆ ನಾನು ಕಳೆದುಬಿಟ್ಟೆ ಅನ್ನುವುದು ಇನ್ನೂ ಮನಸ್ಸಿನಲ್ಲಿದೆ. ಮಾತ್ರೆ ಜ್ವರವನ್ನು ಮುಚ್ಚಿಹಾಕಿತ್ತು, ಒಳಗೆ ಸೋಂಕು ಬೆಳೆಯುತ್ತಲೇ ಇತ್ತು.

ಹಾಗಾಗಿ ಒಂದು ಡಿಜಿಟಲ್ ಥರ್ಮಾಮೀಟರ್ ಇವತ್ತೇ ಕೊಳ್ಳಿ. 100.4 ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್, ಮುಟ್ಟಿತೋ, ರಾತ್ರಿ ಹಗಲು ನೋಡದೆ ಆಸ್ಪತ್ರೆಗೆ ಹೊರಡಬೇಕು. ಜ್ವರ ಇಲ್ಲದೆ ನಡುಕ ಬಂದರೂ ಹೊರಡಬೇಕು. ಪ್ಯಾರಾಸಿಟಮಾಲ್ ನೀವಾಗಿ ಕೊಟ್ಟು ಕಾಯಬೇಡಿ. ಕೌಂಟ್ ಇಲ್ಲದ ದೇಹಕ್ಕೆ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಬೇಗ, ಸಾಧ್ಯವಾದರೆ ಒಂದು ಗಂಟೆಯೊಳಗೆ ಸಿಗಬೇಕು. ಒಳಗೆ ಹೋದ ಕೂಡಲೇ ಹೇಳಬೇಕಾದ ವಾಕ್ಯ ಒಂದೇ: "ಕೀಮೋ ನಡೆಯುತ್ತಿದೆ, ಇವತ್ತು ಹತ್ತನೇ ದಿನ, ಜ್ವರ ಇದೆ." ಇದನ್ನು ಮರಾಠಿಯಲ್ಲೂ ಹಿಂದಿಯಲ್ಲೂ ಒಂದು ಚೀಟಿಯಲ್ಲಿ ಬರೆದು ಫೈಲ್ ಮೇಲೆ ಅಂಟಿಸಿ. ನೀವು ಆಫೀಸಿನಲ್ಲಿದ್ದು ಅಮ್ಮ ಒಬ್ಬರೇ ಇರುವಾಗಲೂ ಜ್ವರ ಬರಬಹುದು. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರದಿದ್ದರೆ ಆ ಚೀಟಿಯೇ ಮಾತಾಡಬೇಕು.

ಇಲ್ಲಿ ಡೊಂಬಿವಲಿಯವರಿಗೆ ಒಂದು ವಿಶೇಷ ಮಾತು. ನಿಮ್ಮಿಂದ ಪರೇಲ್ ಲೋಕಲ್ ರೈಲಿನಲ್ಲಿ ಸುಮಾರು ಒಂದು ಗಂಟೆ. ರಾತ್ರಿ ಎರಡಕ್ಕೆ ಲೋಕಲ್ ಇಲ್ಲ. ಮಳೆಗಾಲದಲ್ಲಿ ಪರೇಲ್ ಹತ್ತಿರದ ಹಿಂದ್‌ಮಾತಾದಲ್ಲಿ ನೀರು ನಿಂತರೆ ಟ್ಯಾಕ್ಸಿಯೂ ಮುಂದೆ ಹೋಗುವುದಿಲ್ಲ. ಅದಕ್ಕೆ ಮಂಗಳವಾರವೇ ಡಾಕ್ಟರ್‌ನ ಕೇಳಿ: "ರಾತ್ರಿ ಜ್ವರ ಬಂದರೆ, ಇಲ್ಲಿಗೆ ಬರಲು ಆಗದಿದ್ದರೆ, ಮನೆ ಹತ್ತಿರ ಎಲ್ಲಿಗೆ ಹೋಗಲಿ? ಯಾವ ನಂಬರಿಗೆ ಫೋನ್ ಮಾಡಲಿ?" ಹತ್ತಿರದ ಆಸ್ಪತ್ರೆಗೆ ಮೊದಲೇ ಒಮ್ಮೆ ಹೋಗಿ ವಿಚಾರಿಸಿ. ರಿಕ್ಷಾದವರೊಬ್ಬರ ನಂಬರ್ ಇಟ್ಟುಕೊಳ್ಳಿ. ಕೌಂಟ್ ಏರಿಸುವ ಇಂಜೆಕ್ಷನ್ ಬರೆದಿದ್ದರೆ ಅದನ್ನು ತಪ್ಪಿಸಬೇಡಿ. ಅದರಿಂದ ಸೊಂಟ, ಮೂಳೆ ನೋಯುತ್ತದೆ. ಆ ನೋವಿಗೆ ಏನು ಕೊಡಬಹುದು ಅಂತಲೂ ಕೇಳಿಕೊಳ್ಳಿ.

ಆ ದಿನಗಳಲ್ಲಿ ಬಂದು ಹೋಗುವ ನೆಂಟರನ್ನು ಕಡಿಮೆ ಮಾಡಿ. ಕೆಮ್ಮು ನೆಗಡಿ ಇರುವವರು ಬೇಡವೇ ಬೇಡ. ಇದು ನಮ್ಮವರಿಗೆ ಹೇಳಲು ಸಂಕೋಚ, ನನಗೆ ಗೊತ್ತು. ನಾವು ಬಾಗಿಲಿಗೆ ಚೀಟಿ ಅಂಟಿಸಿದ್ದೆವು. ಹೊರಗಿನ ಕತ್ತರಿಸಿದ ಹಣ್ಣು, ಐಸ್ ಹಾಕಿದ ಕಬ್ಬಿನ ಹಾಲು, ಪಾನಿಪುರಿ ಬಿಡಿ. ಹಣ್ಣು ಮನೆಯಲ್ಲೇ ತೊಳೆದು ಸಿಪ್ಪೆ ತೆಗೆದು ಕೊಡಿ.

ಬಾಯಿ ಹುಣ್ಣಾಗುವ ಮುಂಚೆಯೇ ಮೆತ್ತನೆ ಬ್ರಷ್ ತನ್ನಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಲಿ, ನುಂಗಬಾರದು. ಭೇದಿಯಾದರೆ ಓಆರ್‌ಎಸ್ ಕೊಡಿ, ನಿಲ್ಲದಿದ್ದರೆ ಫೋನ್ ಮಾಡಿ.

ಕೂದಲು ಕೆಂಪು ಔಷಧಿಯಲ್ಲಿ ಹೋಗುತ್ತದೆ, ಎರಡು ಮೂರು ವಾರದಲ್ಲಿ ದಿಂಬಿನ ಮೇಲೆ ಗೊಂಚಲು ಗೊಂಚಲು ಕಾಣುತ್ತದೆ. ಮೊದಲೇ ಗಿಡ್ಡ ಮಾಡಿಸಿಕೊಂಡರೆ ನೋಡುವ ನೋವು ಸ್ವಲ್ಪ ಕಡಿಮೆ. ಅದು ಅಮ್ಮನ ಇಷ್ಟಕ್ಕೆ ಬಿಡಿ, ಒತ್ತಾಯ ಬೇಡ. ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ.

ಊರಿಂದ ಯಾರಾದರೂ ಕಷಾಯದ ಪುಡಿ, ಬೇರು ಕಳಿಸಿಯೇ ಕಳಿಸುತ್ತಾರೆ. ಪ್ರೀತಿಯಿಂದಲೇ ಕಳಿಸುತ್ತಾರೆ. ಆದರೂ ಕೀಮೋ ಮುಗಿಯುವವರೆಗೆ ಅದನ್ನು ಕಪಾಟಿನಲ್ಲಿಡಿ. ಯಕೃತ್ತು, ಅಂದರೆ ಲಿವರ್, ಈ ಔಷಧಿಗಳನ್ನು ಅರಗಿಸಬೇಕು. ಅದರ ಮೇಲೆ ಇನ್ನೊಂದು ಹೊರೆ ಬೇಡ.

ಓಡಾಟಕ್ಕೆ: ಮುಂಬೈ ಲೋಕಲ್‌ನಲ್ಲಿ ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಹತ್ತಬಹುದು, ಆಸ್ಪತ್ರೆಯ ಕಾಗದ ಕೈಯಲ್ಲಿರಲಿ. ಆದರೂ ಕೀಮೋ ದಿನ ವಾಪಸ್ ಬರುವಾಗ ಸಂಜೆಯ ಗರ್ದಿ ತಪ್ಪಿಸಿ. ಕುಂದಾಪುರಕ್ಕೆ ಹೋಗಿ ಬರುವುದಿದ್ದರೆ, ಚಿಕಿತ್ಸೆಗೆ ಪ್ರಯಾಣ ಮಾಡುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇಕಡಾ 75 ರಿಯಾಯಿತಿ ಇದೆ. ಅದರ ಫಾರ್ಮ್ ಆಸ್ಪತ್ರೆಯಿಂದ ಸಹಿ ಮಾಡಿಸಿಕೊಳ್ಳಬೇಕು. ದುಡ್ಡಿನ ತೊಂದರೆ ಇದ್ದರೆ ಆಸ್ಪತ್ರೆಯ ಮೆಡಿಕಲ್ ಸೋಶಿಯಲ್ ವರ್ಕರ್‌ನ ಮೊದಲ ದಿನವೇ ನೋಡಿ.

ಕೊನೆಗೆ, ಒಂದು ನೂರು ಪುಟದ ನೋಟ್‌ಬುಕ್. ಮಂಗಳವಾರ ಒಂದನೇ ದಿನ. ಪ್ರತಿ ದಿನ ಎರಡೇ ಸಾಲು: ಜ್ವರ ಎಷ್ಟು, ಎಷ್ಟು ಸಲ ವಾಂತಿ, ಏನು ತಿಂದರು, ಕೈಕಾಲು ಜುಮ್ಮೆಂದಿತಾ. ಎರಡನೇ ಸೈಕಲ್‌ಗೆ ಹೋದಾಗ ಡಾಕ್ಟರ್ "ಹೇಗಿತ್ತು" ಅಂತ ಕೇಳಿದರೆ ಅಮ್ಮ "ಪರವಾಗಿಲ್ಲ" ಅಂದೇ ಅನ್ನುತ್ತಾರೆ. ಆಗ ನೀವು ಪುಸ್ತಕ ತೆಗೆದು ಮೇಜಿನ ಮೇಲೆ ಇಡಿ. ನಮ್ಮ ಡಾಕ್ಟರ್ ಅದರ ಮೂರನೇ ದಿನದ ಸಾಲು ಓದಿ ವಾಂತಿಯ ಮಾತ್ರೆ ಬದಲಾಯಿಸಿದರು. ಎರಡನೇ ಸಲ ಅದೇ ಮೂರನೇ ದಿನ ಅತ್ತಿಗೆ ಗಂಜಿಗೆ ಉಪ್ಪಿನಕಾಯಿ ಕೇಳಿದರು.