ಒಂದೇ ಕಣ್ಣು ತೆರೆಯುವ ಕಾರ್ವೆಟ್

ಕಳೆದ ತಿಂಗಳು ನಮ್ಮ ವರ್ಕ್‌ಶಾಪಿಗೆ 1972ರ ಷೆವರ್ಲೆ ಕಾರ್ವೆಟ್ ಸ್ಪೋರ್ಟ್ಸ್ ಕಾರು ಬಂದಿತ್ತು. ಇದರ ಹೆಡ್‌ಲೈಟ್‌ಗಳು ಬಾಡಿಯೊಳಗೆ ಅಡಗಿರುತ್ತವೆ, ಬೇಕಾದಾಗ ಮೇಲೇಳುತ್ತವೆ. ಹೆಡ್‌ಲೈಟ್ ಸ್ವಿಚ್ಚನ್ನು ಎಳೆದರೆ ಎಡಗಡೆಯ ದೀಪ ಥಟ್ಟನೆ ಎದ್ದು ನಿಲ್ಲುತ್ತಿತ್ತು. ಬಲಗಡೆಯದು ಅರ್ಧದವರೆಗೆ ಬಂದು, ಎಬ್ಬಿಸಿದರೂ ಏಳದ ಮಗುವಿನ ಹಾಗೆ ಅಲ್ಲೇ ಉಳಿಯುತ್ತಿತ್ತು. "ಈ ವ್ಯಾಕ್ಯೂಮ್ ರಗಳೆಯನ್ನೆಲ್ಲ ಕಿತ್ತು ಮೋಟಾರ್ ಹಾಕಿಬಿಡಿ" ಎಂದರು ಮಾಲೀಕರು. ಅಮೆರಿಕದಲ್ಲಿ ಹಳೆಯ ಕಾರುಗಳ ವೈರಿಂಗ್ ಕೆಲಸ ಮಾಡುವ ನನಗೆ ಈ ಬೇಡಿಕೆ ಹೊಸದಲ್ಲ. ಮೋಟಾರ್ ಹಾಕಿಕೊಡಲು ನನ್ನ ಅಭ್ಯಂತರವೂ ಇಲ್ಲ. ಆದರೆ ದೀಪ ಏಕೆ ಏಳುತ್ತಿಲ್ಲ ಎಂಬುದು ತಿಳಿಯುವ ತನಕ ನಾನು ಒಂದು ನಟ್ಟನ್ನೂ ಬಿಚ್ಚುವುದಿಲ್ಲ.

ಪೆಟ್ರೋಲ್ ಎಂಜಿನ್ ಗಾಳಿಯನ್ನು ಒಳಗೆಳೆಯುವಾಗ ಥ್ರಾಟಲ್ ಎಂಬ ಕವಾಟ ಅದಕ್ಕೆ ಅಡ್ಡ ನಿಂತಿರುತ್ತದೆ. ಹಾಗಾಗಿ ಇನ್‌ಟೇಕ್ ಮ್ಯಾನಿಫೋಲ್ಡ್ ಎಂಬ ಗಾಳಿಯ ಕೊಳವೆಯಲ್ಲಿ ನಿರ್ವಾತ, ಅಂದರೆ ವ್ಯಾಕ್ಯೂಮ್, ಉಂಟಾಗುತ್ತದೆ. ನಮ್ಮ ಊರುಗಳಲ್ಲಿ ಓಡುವ ಬಹುಪಾಲು ಪೆಟ್ರೋಲ್ ಕಾರುಗಳ ಬ್ರೇಕ್ ಪೆಡಲ್ ಹಗುರವಾಗಿರುವುದು ಈ ಎಳೆತದಿಂದಲೇ. 1968ರಿಂದ 1982ರವರೆಗಿನ ಕಾರ್ವೆಟ್ಟಿನಲ್ಲಿ ಹೆಡ್‌ಲೈಟನ್ನು ಎತ್ತುವುದೂ ಇಳಿಸುವುದೂ ಇದರದೇ ಕೆಲಸ. ಎಳೆತವನ್ನು ಒಂದು ಟ್ಯಾಂಕಿನಲ್ಲಿ ಕೂಡಿಟ್ಟು, ಹಿಂದಕ್ಕೆ ಹೋಗದಂತೆ ಒಮ್ಮುಖ ವಾಲ್ವ್ ಇಟ್ಟಿರುತ್ತಾರೆ. ಅಲ್ಲಿಂದ ರಬ್ಬರ್ ಹೋಸ್‌ಗಳು ಪ್ರತಿ ದೀಪದ ಹಿಂದಿರುವ ಆಕ್ಚುಯೇಟರಿಗೆ ಹೋಗುತ್ತವೆ. ಅದು ಡಬ್ಬಿಯಂಥ ಭಾಗ, ಅದರೊಳಗೆ ಡಯಾಫ್ರಮ್ ಎಂಬ ರಬ್ಬರಿನ ಪೊರೆ ಇರುತ್ತದೆ. ಪೊರೆಯ ಎರಡು ಬದಿಗೂ ಒಂದೊಂದು ಹೋಸ್; ಎಳೆತ ಬಿದ್ದ ಕಡೆಗೆ ಪೊರೆ ಸರಿದು, ಅದಕ್ಕೆ ಜೋಡಿಸಿದ ಸರಳು ದೀಪವನ್ನು ಎತ್ತುತ್ತದೆ ಇಲ್ಲವೇ ಇಳಿಸುತ್ತದೆ.

ಇದರ ಬಲವನ್ನು ಲೆಕ್ಕ ಹಾಕಿ ನೋಡೋಣ. ಐಡ್ಲಿಂಗ್‌ನಲ್ಲಿರುವ ಆರೋಗ್ಯವಂತ ಎಂಜಿನ್ ಸುಮಾರು 18 ಇಂಚು ಪಾದರಸದಷ್ಟು ಎಳೆತ ಕೊಡುತ್ತದೆ (ವ್ಯಾಕ್ಯೂಮ್ ಅಳೆಯುವುದು ಪಾದರಸದ ಇಂಚುಗಳಲ್ಲಿ). ಡಯಾಫ್ರಮ್‌ನ ವ್ಯಾಸ 10 ಸೆಂಟಿಮೀಟರ್ ಎಂದುಕೊಂಡರೆ, ಅದರ ಮೇಲೆ ಬೀಳುವ ಬಲ ಸುಮಾರು 49 ಕಿಲೋ ತೂಕಕ್ಕೆ ಸಮ. ಅದೇ ಎಂಜಿನ್ನಿಗೆ ರೇಸಿನ ಕ್ಯಾಮ್‌ಶಾಫ್ಟ್ (ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ದಂಡ) ಹಾಕಿಸಿ ಎಳೆತ 10 ಇಂಚಿಗೆ ಇಳಿದರೆ ಬಲ 27 ಕಿಲೋಗೆ ಕುಸಿಯುತ್ತದೆ. ಇದಕ್ಕೆ ಐವತ್ತು ವರ್ಷ ಗ್ರೀಸ್ ಕಾಣದ ಕೀಲು ಸೇರಿದರೆ ದೀಪ ಹೇಗೆ ಎದ್ದೀತು?

ಬಲಗಡೆಯ ಆಕ್ಚುಯೇಟರಿನ ಎರಡೂ ಹೋಸ್ ಕಳಚಿ, ಒಂದು ಬಾಯಿಗೆ ಗೇಜ್ ಇರುವ ಕೈಪಂಪು ಸಿಕ್ಕಿಸಿ 15 ಇಂಚು ಎಳೆದೆ. ಮುಳ್ಳು ಅಲ್ಲೇ ನಿಂತಿತು. ಇನ್ನೊಂದು ಬಾಯಿಗೆ ಸಿಕ್ಕಿಸಿದಾಗ ಮುಳ್ಳು ಕಣ್ಣೆದುರೇ ಜಾರಿ ಸೊನ್ನೆಗೆ ಬಂತು. ಡಯಾಫ್ರಮ್ ಹರಿದಿದ್ದರೆ ಎರಡೂ ಕಡೆ ಜಾರಬೇಕಿತ್ತು. ಒಂದೇ ಕಡೆ ಜಾರಿದ್ದರಿಂದ, ಸರಳು ಹೊರಬರುವ ಜಾಗದ ರಬ್ಬರ್ ಸೀಲ್ ಸವೆದಿದೆ ಎಂಬುದು ಸ್ಪಷ್ಟವಾಯಿತು. ಸರಳನ್ನು ಕಳಚಿ ದೀಪದ ಗೂಡನ್ನು ಕೈಯಿಂದ ಎತ್ತಿ ನೋಡಿದೆ. ಅದು ಕಿರುಗುಟ್ಟುತ್ತ, ನಡುವೆ ಒಂದು ಕಡೆ ಹಿಡಿದುಕೊಂಡು ಮೇಲೆ ಬಂತು.

ಈ ಎರಡನೆಯ ದೋಷವೇ ನನಗೆ ದೊಡ್ಡದು. ಬಿಗಿಯಾದ ಕೀಲಿಗೆ ಮೋಟಾರ್ ಕೂರಿಸಿದರೆ ರೋಗ ಮುಚ್ಚಿಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ. ವ್ಯಾಕ್ಯೂಮ್ ತನ್ನ ಬಲಕ್ಕೆ ಮೀರಿದರೆ ಸುಮ್ಮನಾಗುತ್ತದೆ, ಮೋಟಾರ್ ಸುಮ್ಮನಾಗುವುದಿಲ್ಲ. ಕಾರ್ವೆಟ್ಟಿನ ಬಾಡಿ ಫೈಬರ್‌ಗ್ಲಾಸಿನದು, ಒತ್ತಡ ಹೆಚ್ಚಾದರೆ ಅಂಚು ಬಿರುಕು ಬಿಡುತ್ತದೆ. ಹಾಗಾಗಿ ಗೂಡು ಒಂದೇ ಬೆರಳಿಗೆ ಏಳುವಷ್ಟು ಸಡಿಲವಾದ ಮೇಲೆಯೇ ಮುಂದಿನ ಮಾತು.

ಕೀಲು ಸರಿಪಡಿಸಿ, ಸೀಲ್ ಬದಲಿಸಿದರೆ ಸಾಕು ಎಂದು ಮಾಲೀಕರಿಗೆ ಹೇಳಿದೆ. ಪ್ರದರ್ಶನಕ್ಕೆ ಮಾತ್ರ ಹೊರಡುವ ಕಾರಾಗಿದ್ದರೆ ಪಟ್ಟು ಹಿಡಿಯುತ್ತಿದ್ದೆ. ಆದರೆ ಅವರು ರಾತ್ರಿ ಹೆದ್ದಾರಿಯಲ್ಲಿ ಓಡಿಸುವವರು. ವ್ಯಾಕ್ಯೂಮ್ ಸೋರಿ ಕತ್ತಲಲ್ಲಿ ದೀಪ ಕುಸಿಯಬಹುದು ಎಂಬ ಅವರ ಭಯ ಸುಳ್ಳಲ್ಲ, ಹಾಗಾಗಿ ಮೋಟಾರಿಗೆ ಒಪ್ಪಿದೆ. ಬ್ರಿಟನ್ನಿನ ಲೋಟಸ್ ಎಲಾನ್ ಕಾರಿನಲ್ಲೂ ಮೊದಮೊದಲು ದೀಪವನ್ನು ಎತ್ತಿ ಹಿಡಿಯುತ್ತಿದ್ದದ್ದು ವ್ಯಾಕ್ಯೂಮ್. ನಂತರದ ಎಲಾನ್‌ಗಳಲ್ಲಿ ಇದನ್ನು ತಿರುಗಿಸಿದರು: ವ್ಯಾಕ್ಯೂಮ್ ದೀಪವನ್ನು ಕೆಳಗೆ ಹಿಡಿಯುತ್ತದೆ, ಅದು ಹೋದರೆ ದೀಪ ತಾನಾಗಿ ಮೇಲೇಳುತ್ತದೆ. ನಾನು ಬಹಳ ಮೆಚ್ಚುವ ತಿದ್ದುಪಡಿ ಇದು. ಕಾರ್ವೆಟ್ಟಿನ ಕಥೆಯೂ ಕುತೂಹಲದ್ದೇ. 1963ರ ಮಾದರಿಯಲ್ಲಿ ದೀಪ ತಿರುಗಿಸಲು ಎಲೆಕ್ಟ್ರಿಕ್ ಮೋಟಾರೇ ಇತ್ತು, 1968ರಲ್ಲಿ ವ್ಯಾಕ್ಯೂಮ್ ಬಂತು, 1984ರ ಮಾದರಿಯಲ್ಲಿ ಕಂಪನಿ ಮತ್ತೆ ಮೋಟಾರಿಗೆ ಮರಳಿತು.

ನಾನು ಆರಿಸಿಕೊಳ್ಳುವುದು ಸ್ಕ್ರೂ ಮಾದರಿಯ ಆಕ್ಚುಯೇಟರನ್ನು. ಮೋಟಾರ್ ತಿರುಗಿದರೆ ಸರಳು ಸರಿಯುತ್ತದೆ, ಸರಳನ್ನು ಒತ್ತಿದರೆ ಮೋಟಾರ್ ತಿರುಗುವುದಿಲ್ಲ. ಹಾಗಾಗಿ ಕರೆಂಟ್ ಹೋದರೂ ಎದ್ದ ದೀಪ ಎದ್ದೇ ಇರುತ್ತದೆ. ಆದರೆ ಮುಚ್ಚಿರುವಾಗಲೇ ಕೆಟ್ಟರೆ ಕೈಯಿಂದ ಎತ್ತಲೂ ಆಗದು. ಅದಕ್ಕಾಗಿ ಸರಳಿನ ತುದಿಗೆ ಬೋಲ್ಟ್ ಬದಲು ಕೈಯಲ್ಲೇ ಎಳೆಯಬಹುದಾದ ಪಿನ್ ಹಾಕುತ್ತೇನೆ. ಎರಡು ಕೊನೆಗಳಲ್ಲೂ ಮೋಟಾರನ್ನು ನಿಲ್ಲಿಸುವ ಲಿಮಿಟ್ ಸ್ವಿಚ್ ಇರಲೇಬೇಕು. ಕರೆಂಟನ್ನು ಬ್ಯಾಟರಿಯಿಂದ ನೇರವಾಗಿ, ಫ್ಯೂಸ್ ಮತ್ತು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಮೂಲಕ ತರಬೇಕು. ಹಳೆಯ ಹೆಡ್‌ಲೈಟ್ ಸ್ವಿಚ್ಚಿನ ಮೇಲೆ ಮೋಟಾರಿನ ಭಾರ ಹೊರಿಸಬಾರದು.

ಕೆಲಸ ಕೆಡುವುದು ಸಾಮಾನ್ಯವಾಗಿ ಇನ್ನೆರಡು ಕಡೆ. ಮೊದಲನೆಯದು ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿ. ತಗಡಿನ ಕಾರಿನಲ್ಲಿ ಹತ್ತಿರದ ಯಾವುದಾದರೂ ಸ್ಕ್ರೂಗೆ ಕಪ್ಪು ವೈರ್ ಕಟ್ಟಿದರೆ ನಡೆದೀತು. ಫೈಬರ್‌ಗ್ಲಾಸಿನಲ್ಲಿ ಕರೆಂಟ್ ಹರಿಯದು, ಆದ್ದರಿಂದ ವೈರನ್ನು ಉಕ್ಕಿನ ಚಾಸಿಗೇ ಮುಟ್ಟಿಸಬೇಕು. ಎರಡನೆಯದು, ಮೇಲೇಳು ಎಂಬ ಸೂಚನೆಯನ್ನು ಎಲ್ಲಿಂದ ತೆಗೆದುಕೊಳ್ಳುತ್ತೇವೆ ಎಂಬುದು. ಬೇರೆಲ್ಲೋ ಮೋಟಾರ್ ಹಾಕಿಸಿಕೊಂಡ ಒಂದು ಕಾರು ನನ್ನ ಬಳಿ ಬಂದಿತ್ತು. ಅದನ್ನು ಮಾಡಿದವರು ಸೂಚನೆಯನ್ನು ಲೋ ಬೀಮ್ ವೈರಿನಿಂದ ತೆಗೆದಿದ್ದರು. ಚಾಲಕ ಹೈ ಬೀಮ್‌ಗೆಂದು ಕಾಲಡಿಯ ಡಿಮ್ಮರ್ ಸ್ವಿಚ್ ಒತ್ತಿದೊಡನೆ ಆ ವೈರ್ ಸತ್ತು, ಎರಡು ದೀಪಗಳೂ ಮಡಚಿಕೊಂಡು ರಸ್ತೆ ಕತ್ತಲಾಗಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಆದರೂ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸೂಚನೆಯನ್ನು ಡಿಮ್ಮರಿಗೆ ಮೊದಲೇ, ಹೆಡ್‌ಲೈಟ್ ಸ್ವಿಚ್ಚಿನಿಂದ ಹೊರಬರುವ ವೈರಿನಲ್ಲೇ ತೆಗೆದುಕೊಳ್ಳಬೇಕು.

1972ರವರೆಗಿನ ಕಾರ್ವೆಟ್ ಇರುವವರು ಟ್ಯಾಂಕನ್ನು ಎಸೆಯಬೇಡಿ. ವೈಪರ್ ಮೇಲಿನ ಮುಚ್ಚಳವೂ ಅದೇ ವ್ಯಾಕ್ಯೂಮ್‌ನಿಂದ ಏಳುತ್ತದೆ. ದೀಪಗಳಿಗೆ ಹೋಗುತ್ತಿದ್ದ ಕವಲುಗಳಿಗೆ ಮಾತ್ರ ಬಿಗಿಯಾದ ಬಿರಡೆ ಹಾಕಿ. ತೆರೆದೇ ಬಿಟ್ಟರೆ ಎಂಜಿನ್ನಿಗೆ ಕಳ್ಳಗಾಳಿ ನುಗ್ಗಿ ಐಡ್ಲಿಂಗ್ ನಡುಗುತ್ತದೆ.

ಕಳೆದ ತಿಂಗಳು ಬಂದ ಆ ಕಾರಿನ ಬಾಡಿಯಲ್ಲಿ ನಾನು ಒಂದೂ ಹೊಸ ತೂತು ಕೊರೆಯಲಿಲ್ಲ. ಹಳೆಯ ಆಕ್ಚುಯೇಟರುಗಳಿಗೆ ಎಡ, ಬಲ ಎಂದು ಚೀಟಿ ಅಂಟಿಸಿ, ಹೊಸ ಸೀಲ್ ಸಮೇತ ಒಂದು ಪೆಟ್ಟಿಗೆಯಲ್ಲಿಟ್ಟು ಮಾಲೀಕರ ಕೈಗೆ ಕೊಟ್ಟೆ. ಸಂಜೆ ದೀಪಗಳನ್ನು ಎತ್ತಿ, ಮೋಟಾರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಂಡಬಿದ್ದ ರಸ್ತೆಯಲ್ಲಿ ಒಂದು ಸುತ್ತು ಹೊಡೆದೆ. ಎರಡೂ ದೀಪಗಳು ಅಲುಗಾಡದೆ ನಿಂತಿದ್ದವು. ಮರಳಿ ಬಂದ ಮೇಲೆ ಫ್ಯೂಸ್ ಹಾಕಿ ಕೀಲಿಕೈ ಕೊಟ್ಟೆ.